ಮೂವತ್ತೊಂದು ಅಂಕದ ಮಣ್ಣು

ಫಿನಾಯಿಲ್ ವಾಸನೆ ಈಗಲೂ ನನಗೆ ಆಗುವುದಿಲ್ಲ. ಸರಕಾರಿ ಆಸ್ಪತ್ರೆಯೊಳಗೆ ಕಾಲಿಡಲಾರೆ. ಬಸ್‌ಸ್ಟ್ಯಾಂಡಿನ ಶೌಚಾಲಯದ ಮುಂದೆ ಉಸಿರು ಬಿಗಿಹಿಡಿದು ಓಡುತ್ತೇನೆ. ಮನೆಯಲ್ಲಿ ನೆಲ ಒರೆಸುವುದಕ್ಕೆ ಬರೀ ನೀರು ಬಳಸುತ್ತೇನೆಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನಗೆ ಯಾಕೆ ಹೀಗಾಯಿತು ಎಂದು ಹೇಳುತ್ತೇನೆ. ನಡುವೆ ಬೈದರೆ ಬೇಜಾರು ಮಾಡಿಕೊಳ್ಳಬೇಡಿ. ಆ ಬೈಗುಳದಲ್ಲಿ ಅರ್ಧಪಾಲು ನನಗೇ ಸೇರಬೇಕು.

ನಾನು ನಿಂಗಮ್ಮ. ಗದಗ ಸೀಮೆಯವಳು. ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಲು ವಿಶ್ವವಿದ್ಯಾಲಯ ಸೇರಿದಾಗ ಪರಿಸರ ಕಲಿಕೆ ಎಂಬ ಕಡ್ಡಾಯ ವಿಷಯವೊಂದಿತ್ತು. ಅದಕ್ಕೆ ಎಂಬತ್ತು ಪುಟದ ಪ್ರಬಂಧ ಬರೆಯಬೇಕು, ಇಲ್ಲವೇ ವಿದ್ಯಾರ್ಥಿಗಳೇ ನಡೆಸುವ ತೋಟದಲ್ಲಿ ಒಂದು ವರ್ಷ ದುಡಿಯಬೇಕು. ಬರೆಯುವ ಕಷ್ಟ ಯಾರಿಗೆ ಬೇಕೆಂದು ತೋಟ ಆರಿಸಿಕೊಂಡೆ. ಮಣ್ಣಿನ ಮೇಲಿನ ಪ್ರೀತಿಯೂ ಇಲ್ಲ, ಗಿಡದ ಮೇಲಿನ ಮಮತೆಯೂ ಇಲ್ಲ.

ತೋಟದ ಕಾರ್ಯದರ್ಶಿ ದಾವಲಸಾಬ. ಭೂಗೋಳ ಓದುತ್ತಿದ್ದ, ಬಾದಾಮಿ ಕಡೆಯವನು, ಬೇಸಿಗೆಯಲ್ಲೂ ಗಂಬೂಟು ಕಳಚದ ಮನುಷ್ಯ. ಮೊದಲ ದಿನವೇ ನನ್ನ ಎರಡೂ ಕೈ ಹಿಡಿದು ಎರೆಹುಳದ ಗುಂಡಿಗೆ ಮೊಣಕೈ ತನಕ ಇಳಿಸಿದ. ಹಾಸ್ಟೆಲ್ ಮೆಸ್ಸಿನ ಕೊಳೆತ ಅನ್ನ, ಸಗಣಿ, ಬಾಳೆಸಿಪ್ಪೆ, ಅದರೊಳಗೆ ಬೆರಳ ಸಂದಿಯಲ್ಲಿ ನುಸುಳುವ ಹುಳಗಳು. ನಾನು ಅಲ್ಲೇ ಪಕ್ಕಕ್ಕೆ ತಿರುಗಿ ತಿಂದ ಉಪ್ಪಿಟ್ಟನ್ನೆಲ್ಲ ಕಾರಿಕೊಂಡೆ.

"ಚಲೋ ಆತು ಬಿಡು," ಎಂದ ದಾವಲ, ನಗದೆ. "ಅದೂ ಗೊಬ್ಬರಾನ."

ಆ ತೋಟದಲ್ಲೊಂದು ರೂಢಿ ಇತ್ತು. ಬೆಳಗ್ಗೆ ಪಾಳಿಗೆ ಬಂದವರು ಮೊದಲು ತಮ್ಮ ಪಾಲಿನ ಗಿಡದ ಮಡಿಯಿಂದ ಒಂದು ಹಿಡಿ ಮಣ್ಣು ತೆಗೆದು ಕಣ್ಣು ಮುಚ್ಚಿ ಮೂಸಬೇಕು. ಮೂಸಿ, ಶೆಡ್ಡಿನ ಗೋಡೆಯ ಕರಿಹಲಗೆಯ ಮೇಲೆ ಒಂದೆರಡೇ ಶಬ್ದ ಬರೆಯಬೇಕು. ಒಬ್ಬ 'ಮಳಿ' ಎಂದು ಬರೆಯುತ್ತಿದ್ದ, ಇನ್ನೊಬ್ಬಳು 'ಹಳೇ ಪುಸ್ತಕ', ಮತ್ತೊಬ್ಬ 'ಹುಳಿ ಮಜ್ಜಿಗಿ'. ಆ ಶಬ್ದಗಳನ್ನು ನೋಡಿಯೇ ಯಾವ ಮಡಿಗೆ ನೀರು, ಯಾವುದಕ್ಕೆ ಗಾಳಿ, ಯಾವುದನ್ನು ಸುಮ್ಮನೆ ಬಿಡಬೇಕು ಎಂದು ಜಗಳವಾಡಿ ತೀರ್ಮಾನಿಸುತ್ತಿದ್ದರು. ನಾನು ಮೊದಲ ತಿಂಗಳು ದಿನಾ 'ಹೊಲಸು' ಎಂದು ಬರೆದೆ. ಎರಡನೇ ತಿಂಗಳಲ್ಲಿ ಒಂದು ದಿನ ಕೈ ತಾನಾಗಿಯೇ 'ಹುರಿದ ಸೇಂಗಾ' ಎಂದು ಬರೆಯಿತು. ದಾವಲ ಓಡಿ ಬಂದು ನನ್ನ ಮಡಿಯ ಮಣ್ಣು ಮೂಸಿ, "ಖರೇನ ಐತಲ್ಲ!" ಎಂದು ಕುಣಿದ. ಅವತ್ತಿನಿಂದ ನಾನು ತೋಟದವಳಾದೆ.

ಇದನ್ನು ಊರಿಗೆ ಹೋದಾಗ ಕಲ್ಲವ್ವತ್ತಿಗೆ ಹೇಳಿದೆ. ಅಪ್ಪನ ಅಕ್ಕ ಆಕೆ. ಊರ ಹೊರಗಿನ ಬಾವಿಯ ಹತ್ತಿರ ಇಪ್ಪತ್ತೆರಡು ಗುಂಟೆಯಲ್ಲಿ ಮೆಂತೆ, ರಾಜಗಿರಿ, ಸಬ್ಬಸಗಿ ಬೆಳೆದು ತಾನೇ ಪೇಟೆಗೆ ಒಯ್ದು ಮಾರುವವಳು. 'ಕಲ್ಲವ್ವನ ಮೆಂತೆ' ಎಂದರೆ ಸಂತೆಯಲ್ಲಿ ಜನ ಬುಟ್ಟಿ ಇಳಿಸುವುದನ್ನೇ ಕಾಯುತ್ತಿದ್ದರು. ಆಕೆ ಬಿದ್ದು ಬಿದ್ದು ನಕ್ಕಳು.

"ಮಣ್ಣ ಮೂಸಾಕ ಯುನಿವರ್ಸಿಟಿಗೆ ಹೋಗ್ಬೇಕೇನ ನಿಂಗಿ? ನಾ ಮೂವತ್ತ ವರ್ಷದಿಂದ ಮೂಸಾಕತ್ತೇನಿ, ನನಗೂ ಒಂದ ಡಿಗ್ರಿ ಕೊಡ ಅನ್ನು!"

ಕಣ್ಣಿಗೆ ಬಟ್ಟೆ ಕಟ್ಟಿದರೂ ಆಕೆ ತನ್ನ ಒಂಬತ್ತು ಮಡಿಗಳ ಮಣ್ಣನ್ನು ಮೂಸಿಯೇ ಗುರುತಿಸುತ್ತಿದ್ದಳು. ನಾನು ಪರೀಕ್ಷೆ ಮಾಡಿ ನೋಡಿದ್ದೆ. ಒಂದೂ ತಪ್ಪಲಿಲ್ಲ.

ನಮ್ಮ ಮಾರ್ಗದರ್ಶಕರು ಪ್ರೊಫೆಸರ್ ಇನಾಮದಾರ. ಅವರ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು: ಮೂಸಿ ಹೇಳುವ ಈ ಕೆಲಸವನ್ನು ಯಂತ್ರ ಮಾಡಿದರೆ ಹೇಗೆ? ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಬದುಕಿರುವಾಗ ಒಂದು ಬಗೆಯ ಅನಿಲ ಬಿಡುತ್ತವೆ, ಉಸಿರುಗಟ್ಟಿದಾಗ ಇನ್ನೊಂದು ಬಗೆಯದು. ಅವನ್ನು ಹಿಡಿಯುವ ಹದಿನಾರು ಸೆನ್ಸರ್‌ಗಳನ್ನು ಒಂದು ಡಬ್ಬಿಯಲ್ಲಿ ಕೂರಿಸಿದರು. ಹೊರಗಿನಿಂದ ನೋಡಿದರೆ ರೊಟ್ಟಿ ಡಬ್ಬಿಗೆ ಸೊಂಡಿಲು ಬಂದ ಹಾಗಿತ್ತು. ಕಾಗದದಲ್ಲಿ ಅದರ ಹೆಸರು ಘ್ರಾಣಯಂತ್ರ. ನಾವು ಕರೆಯುತ್ತಿದ್ದುದು ಮೂಗಪ್ಪ ಎಂದು.

ಮೂಗಪ್ಪನಿಗೆ ಮಣ್ಣಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಕಲಿಸಬೇಕಿತ್ತು. ನೂರಾರು ಬಾಟಲಿಗಳಲ್ಲಿ ಮಣ್ಣು ತುಂಬಿ, ಇದು 'ಉತ್ತಮ', ಇದು 'ಕೆಟ್ಟದ್ದು' ಎಂದು ಚೀಟಿ ಅಂಟಿಸಿ ಒಂದೊಂದನ್ನೇ ಮೂಸಿಸುವುದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಅದೇ ಹುಡುಕಿಕೊಳ್ಳುತ್ತದೆ. ಆಮೇಲೆ ಯಾವ ಮಣ್ಣು ತೋರಿಸಿದರೂ ನೂರಕ್ಕೆ ಇಷ್ಟು ಅಂಕ ಎಂದು ಹೇಳುತ್ತದೆ. ಬಾಟಲಿ ತುಂಬುವ ಹೊಣೆ ನನ್ನದು. ಅದೇ ನನ್ನ ಎಂ.ಎಸ್ಸಿ. ಪ್ರಬಂಧವೂ ಆಗಬೇಕಿತ್ತು.

ಅಷ್ಟರಲ್ಲಿ ಬಂತು ನೋಡಿ ತಪಾಸಣಾ ಸಮಿತಿ.

ನಮ್ಮಲ್ಲಿ ಯಾರಾದರೂ ದೊಡ್ಡವರು ನೋಡಲು ಬರುತ್ತಾರೆಂದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಮರಕ್ಕೆ ಸುಣ್ಣ, ಕಲ್ಲಿಗೆ ಕೆಮ್ಮಣ್ಣು, ಮೂತ್ರಿಯ ಗೋಡೆಗೆ ದೇವರ ಚಿತ್ರ. ವಿಶ್ವವಿದ್ಯಾಲಯದ ಕುಲಸಚಿವರು ಮೂರು ದಿನ ಮೊದಲು ತೋಟಕ್ಕೆ ಬಂದರು, ಗೊಬ್ಬರದ ಗುಂಡಿಯ ಹತ್ತಿರ ಬರುತ್ತಲೇ ಮೂಗಿಗೆ ಕರವಸ್ತ್ರ ಒತ್ತಿದರು.

"ಛೀ ಛೀ! ಇದನ್ನ ಸಾಹೇಬರಿಗೆ ತೋರಸ್ತೀರೇನ್ರಿ? ವಾಸನಿ ಬರಬಾರದು. ಒಂಚೂರೂ ಬರಬಾರದು!"

"ಸರ್, ತೋಟ ಅಂದಮ್ಯಾಲ ವಾಸನಿ ಬರತೈತ್ರಿ," ಎಂದ ದಾವಲ.

"ಏ, ನೀ ಸುಮ್ಕಿರೋ."

ಸಂಜೆಯೊಳಗೆ ಹತ್ತು ಕ್ಯಾನ್ ಫಿನಾಯಿಲ್ ಬಂತು. ದಾರಿಗೆ ಹೊಡೆದರು, ಶೆಡ್ಡಿಗೆ ಹೊಡೆದರು, ಮಡಿಗಳ ನಡುವಿನ ಕಾಲುದಾರಿಗೆಲ್ಲ ಚಿಮುಕಿಸಿದರು. ದಾವಲ ಗುಂಡಿಗಳ ಮುಂದೆ ಅಡ್ಡ ನಿಂತು ಎರೆಹುಳ ಉಳಿಸಿಕೊಂಡ. ಮಡಿಗಳನ್ನು ಪೂರ್ತಿ ಉಳಿಸಿಕೊಳ್ಳಲು ಆಗಲಿಲ್ಲ. ಮೂರು ದಿನ ಇಡೀ ತೋಟ ಪೈನು, ಟರ್ಪೆಂಟೈನು, ಡಾಂಬರು ಸೇರಿಸಿ ಕುದಿಸಿದಂತೆ ನಾರಿತು. ಸಮಿತಿಯವರು ಬಂದರು. ಹಾರ ಹಾಕಿಸಿಕೊಂಡರು. "ಎಷ್ಟು ಸ್ವಚ್ಛ ಇಟ್ಟೀರಿ!" ಎಂದು ಹೊಗಳಿ, ಗೋಡಂಬಿ ತಿಂದು, ಹೋದರು. ಥೂ.

ಇನ್ನು ನನ್ನ ಪಾಲಿನ ಥೂ ಕೇಳಿ. ಬಾಟಲಿಗಳನ್ನು ಒಪ್ಪಿಸುವ ಕೊನೆಯ ದಿನ ಅದೇ ವಾರದಲ್ಲಿತ್ತು. ನಾನು ತಿಂಗಳಿಡೀ ನಾಳೆ ನಾಡಿದ್ದು ಎಂದು ಮುಂದೂಡಿ ಒಂದೂ ತುಂಬಿರಲಿಲ್ಲ. ಹಾಗಾಗಿ 'ಉತ್ತಮ'ದ ಇನ್ನೂರ ನಲವತ್ತು ಬಾಟಲಿಗಳನ್ನು ಆ ಮೂರು ದಿನಗಳಲ್ಲೇ ನಮ್ಮ ಮಡಿಗಳಿಂದ ತುಂಬಿದೆ. 'ಕೆಟ್ಟದ್ದು' ಬೇಕಲ್ಲ, ಅದನ್ನು ಹಾಸ್ಟೆಲ್ ಹಿಂದೆ ಮೆಸ್ಸಿನ ನೀರು ನಿಂತು ಕೊಳೆಯುವ ಕಡೆಯಿಂದ ತಂದೆ. ಅಲ್ಲಿಗೆ ಸಮಿತಿ ಹೋಗುವುದಿಲ್ಲವಾದ್ದರಿಂದ ಫಿನಾಯಿಲೂ ಹೋಗಿರಲಿಲ್ಲ. 'ಉತ್ತಮ'ದ ಬಾಟಲಿ ಮುಚ್ಚುವಾಗ ಮೂಗಿಗೆ ಫಿನಾಯಿಲಿನ ಘಾಟು ಹೊಡೆಯಿತು. ಹೊಡೆಯಿತು ಎಂದರೆ ಕಣ್ಣಲ್ಲಿ ನೀರು ಬರುವಷ್ಟು. ಇರಲಿ, ಹಾರಿಹೋಗುತ್ತದೆ ಎಂದುಕೊಂಡೆ. ವಿವರದ ಹಾಳೆಯಲ್ಲಿ 'ಬೇರೇನೂ ಸೇರಿಲ್ಲ' ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ.

ಮೂಗಪ್ಪ ಶಾಣ್ಯಾ ವಿದ್ಯಾರ್ಥಿ. ಎರಡು ಗುಂಪಿನ ಬಾಟಲಿಗಳಿಗೆ ಎದ್ದು ಕಾಣುವ ವ್ಯತ್ಯಾಸ ಯಾವುದೋ ಅದನ್ನೇ ಹಿಡಿಯಿತು. ಅದೇ ಬಾಟಲಿಗಳಲ್ಲಿ ಕೆಲವನ್ನು ತೆಗೆದಿಟ್ಟು ಪರೀಕ್ಷೆ ಮಾಡಿದಾಗ ನೂರಕ್ಕೆ ತೊಂಬತ್ತೆಂಟು ಸಲ ಸರಿಯುತ್ತರ ಕೊಟ್ಟಿತು. ಇನಾಮದಾರ ಸರ್ ಎಲ್ಲರಿಗೂ ಪೇಢಾ ಹಂಚಿದರು. ನಾನೂ ಎರಡು ತಿಂದೆ.

ಮರುವಾರವೇ ಶೆಡ್ಡಿನ ಕರಿಹಲಗೆ ಇಳಿಸಿ ಅಲ್ಲಿ ಅಂಕ ತೋರಿಸುವ ಪರದೆ ಹಾಕಿದರು. ಸುತ್ತಲಿನ ಊರುಗಳಲ್ಲಿ ತರಕಾರಿ ಬೆಳೆಯುವ ನಲವತ್ತು ಮಂದಿಗೆ ಮೂಗಪ್ಪನನ್ನು ಪುಕ್ಕಟೆ ಕೊಡುವುದೆಂದಾಯಿತು. ಎಂಬತ್ತಕ್ಕಿಂತ ಹೆಚ್ಚು ಬಂದರೆ ತೋಟದ ಮುಂದೆ ಹಸಿರು ಫಲಕ, ಐವತ್ತಕ್ಕಿಂತ ಕಡಿಮೆಯಾದರೆ ಕೆಂಪು ಫಲಕ. ನಲವತ್ತರ ಪಟ್ಟಿಯಲ್ಲಿ ಕಲ್ಲವ್ವತ್ತಿಯ ಹೆಸರು ಸೇರಿಸಿದ್ದು ನಾನೇ. ಆಕೆಗೆ ನೂರಕ್ಕೆ ನೂರು ಬರುತ್ತದೆ, ಪೇಪರಿನಲ್ಲಿ ಫೋಟೋ ಹಾಕಿಸೋಣ ಎಂದು ನನಗೆ ಹುಚ್ಚು ಉಮೇದು.

ಯಂತ್ರ ಕೂರಿಸಿದ ದಿನ ನಾನೂ ಹೋಗಿದ್ದೆ. ಅತ್ತಿ ಹೊಸ ಇಳಕಲ್ ಸೀರೆ ಉಟ್ಟು, ಮೂಗಪ್ಪನಿಗೆ ಕುಂಕುಮ ಹಚ್ಚಿ, ತನ್ನ ಪ್ರೀತಿಯ ಮೆಂತೆ ಮಡಿಯಿಂದ ಮಣ್ಣು ತಂದು ಸೊಂಡಿಲಿನ ಕೆಳಗೆ ಸುರಿದಳು. ಯಂತ್ರ ಗುಂಯ್‌ಗುಟ್ಟಿತು.

ಮೂವತ್ತೊಂದು.

"ಇದರದ್ದೇನೋ ತಪ್ಪೈತಿ," ಎಂದಳು ಅತ್ತಿ. ಎರಡನೇ ಮಡಿ, ಇಪ್ಪತ್ತೆಂಟು. ಮೂರನೇದು, ಮೂವತ್ತು. ಒಂಬತ್ತೂ ಮಡಿ ಹಾಗೆಯೇ. ಆಕೆ ಮಣ್ಣನ್ನು ಅಂಗೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಳು. "ನಿಂಗಿ, ನೀ ಮೂಸ ನೋಡು. ಎಂಥಾ ಚಂದ ಐತಿ! ತವರಮನಿ ಗ್ವಾಡಿ ಮಾಡದಾಗ ಮೊಸರಗಡಿಗಿ ಇಟ್ಟಂಗ!"

ನಾನು ಮೂಸಿದೆ. ಆಕೆ ಹೇಳಿದ ಹಾಗೆಯೇ ಇತ್ತು. ಆದರೆ ನನ್ನ ಹಿಂದೆ ಯಂತ್ರ ತಂದ ಸಿಬ್ಬಂದಿ ನಿಂತಿದ್ದರು. ಅದು ನನ್ನ ಪ್ರಬಂಧದ ಯಂತ್ರ. ನೂರಕ್ಕೆ ತೊಂಬತ್ತೆಂಟು ಸಲ ಸರಿ ಹೇಳುವ ಯಂತ್ರ.

"ಮಶಿನ್ ಸುಳ್ಳ ಹೇಳಂಗಿಲ್ಲತ್ತಿ," ಎಂದೆ. "ನಿನಗ ವಯಸ್ಸಾತು. ಮೂಗೂ ಮೊದಲಿನಂಗ ಇರಂಗಿಲ್ಲ."

ಈ ಬಾಯಿಂದಲೇ ಹೇಳಿದೆ. ಆಕೆ ಕೈಯೊಳಗಿನ ಮಣ್ಣು ಕೆಳಗೆ ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಗೇಟಿನ ಮುಂದೆ ಕೆಂಪು ಫಲಕ ಬಿತ್ತು.

ಇತ್ತ ನಮ್ಮ ತೋಟದಲ್ಲಿ ಪರಿಸರ ಕಲಿಕೆಯ ಅಂಕವನ್ನೂ ಮೂಗಪ್ಪನೇ ಕೊಡಬೇಕೆಂದು ಸುತ್ತೋಲೆ ಬಂತು. ಯಾರ ಮಡಿಗೆ ಎಷ್ಟೋ ಅವರಿಗೆ ಅಷ್ಟು. ಸಮಿತಿ ಹೋಗಿ ಎರಡು ತಿಂಗಳಾಗಿತ್ತು, ಮಳೆಯಲ್ಲಿ ಘಾಟು ತೊಳೆದು ಹೋಗಿ ಎಲ್ಲರ ಅಂಕವೂ ದಿನದಿನಕ್ಕೆ ಇಳಿಯುತ್ತಿತ್ತು. ಹುಡುಗರು ಗೊಬ್ಬರ ಹಾಕಿ ನೋಡಿದರು, ಇನ್ನೂ ಇಳಿಯಿತು. ಒಂದು ದಿನ ಶೆಡ್ಡು ಒರೆಸುವವರ ಫಿನಾಯಿಲ್ ನೀರಿನ ಬಕೆಟ್ ಉರುಳಿ ಒಂದು ಮಡಿಯ ಮೇಲೆ ಚೆಲ್ಲಿತು. ಆ ಮಡಿಗೆ ತೊಂಬತ್ತೈದು ಬಂತು.

ಅಲ್ಲಿಗೆ ಮುಗಿಯಿತು. ವಾರದೊಳಗೆ ಎಲ್ಲರ ಚೀಲದಲ್ಲೂ ಒಂದೊಂದು ಫಿನಾಯಿಲ್ ಬಾಟಲಿ. ಪಾಳಿಗೆ ಬಂದವರು ನಗುನಗುತ್ತ ಮಡಿಗೆ ಸುರಿದು, ಅಂಕ ಬರೆದುಕೊಂಡು, ಕ್ಯಾಂಟೀನಿಗೆ ಹೋಗುತ್ತಿದ್ದರು. ಇವರೇ ಕಳೆದ ವರ್ಷ ಮಣ್ಣಿನ ದಿನಾಚರಣೆಗೆ ಭಾಷಣ ಹೊಡೆದವರು. ಎರೆಹುಳಗಳು ಕಾಲುದಾರಿಗೆ ತೆವಳಿ ಬಂದು ಬಿಸಿಲಲ್ಲಿ ಒಣಗಿ ಬಿದ್ದಿದ್ದವು. ಅವುಗಳ ಮೇಲೆ ಚಪ್ಪಲಿ ಇಟ್ಟು ನಡೆದರು. ನನಗೆ ಇಡೀ ಜಗತ್ತಿನ ಮೇಲೆ ಹೇಸಿಗೆ ಬಂತು. ಇವರ ಮೇಲೆ, ಆ ಗೋಡಂಬಿ ಸಮಿತಿಯ ಮೇಲೆ. ಆ ಹೇಸಿಗೆಯ ನಡುವೆಯೇ ನನ್ನ ಇನ್ನೂರ ನಲವತ್ತು ಬಾಟಲಿ ನೆನಪಾದವು. ಅಲ್ಲೇ ಬದುವಿನ ಮೇಲೆ ಕೂತೆ.

ದಾವಲನಿಗೆ ಎಲ್ಲ ಹೇಳಿದೆ. ಆತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರ್ ಕಡೆ ಹೋಗೂಣು ನಡಿ," ಎಂದನಷ್ಟೇ.

ಇನಾಮದಾರ ಸರ್ ಪ್ರಯೋಗಾಲಯದಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಹೇಳುತ್ತ ಹೋದಂತೆ ಲೋಟ ಕೆಳಗಿಟ್ಟರು. ಆಮೇಲೆ ಅವರ ದನಿಯಲ್ಲಿ ಒಂದು ತರಹದ ಬೆಣ್ಣೆ ಬಂತು.

"ನೋಡು ನಿಂಗಮ್ಮ, ಮುಂದಿನ ವಾರ ಇದು ಇಡೀ ಜಿಲ್ಲಾಕ್ಕ ಹೊಂಟೈತಿ. ಈಗ ಹಿಂಗಂದ್ರ ನಿನ್ನ ಪ್ರಬಂಧದ ಗತಿ ಏನು? ಸಹಿ ನಿಂದೈತಿ, ನಂದಲ್ಲ."

"ಸರ್, ಅದು ಮಣ್ಣ ಮೂಸವಲ್ದು. ಸಂಡಾಸ ತೊಳದಾರೋ ಇಲ್ಲೋ ಅಂತ ನೋಡಾಕತ್ತೈತಿ!"

"ಫಿನಾಯಿಲ್ ಅಂದ್ರೂ ಸ್ವಚ್ಛತಾನ ಅಲ್ಲೇನವಾ?" ಎಂದರು. ತಾವು ಹೇಳಿದ್ದು ತಮಗೇ ಹಿಡಿಸಿತೆಂದು ಕಾಣುತ್ತದೆ, ಇನ್ನೊಮ್ಮೆ ಹೇಳಿದರು. "ರೋಗಾಣು ಕಡಿಮಿ ಆಗತಾವು. ಅದನ್ನೂ ಒಂದ ಲಕ್ಷಣ ಅಂತ ಹಿಡೀಬೌದು."

ಮಣ್ಣಿನ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದ ಮನುಷ್ಯ. ಆ ಚಹಾ ಲೋಟವನ್ನು ಅವರ ಬೋಳು ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಸಹಿ ನನ್ನದಿತ್ತಲ್ಲ.

ಮರುದಿನ ಮೊದಲ ಬಸ್ಸಿಗೆ ಊರಿಗೆ ಹೋದೆ. ತೋಟದ ದಾರಿ ಹಿಡಿದಾಗಲೇ ಗಾಳಿಯಲ್ಲಿ ಘಾಟು ಬಂತು. ಗೇಟಿನ ಮುಂದೆ ಹಸಿರು ಫಲಕ ತೂಗುತ್ತಿತ್ತು.

ಅತ್ತಿ ಮೆಂತೆ ಮಡಿಯ ಅಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕ್ಯಾನು. ಮೆಂತೆ ಎರಡೆಲೆಗೇ ಹಳದಿ ತಿರುಗಿ ಮಲಗಿತ್ತು. ರಾಜಗಿರಿಯ ಬುಡ ಕಪ್ಪಾಗಿತ್ತು.

"ತೊಂಬತ್ತೆರಡು ಬಂತ ನಿಂಗಿ," ಎಂದಳು. "ಕೆಳಗಿನೋಣಿ ಮಂದಿ ಹಿಂಗ ಮಾಡಂದ್ರು, ನಿಮ್ಮ ಯುನಿವರ್ಸಿಟಿ ಹುಡುಗರ ಕಡಿಂದ ಕೇಳಿದ್ರಂತ. ಕೆಂಪ ಹಲಗಿ ನೋಡಿ ನನ್ನ ಬುಟ್ಟಿ ಹತ್ರ ಯಾರೂ ಬರವಲ್ರಾಗಿದ್ರು. ಮುಂಜಾನಿಯಿಂದ ಕೂತು ಬಾಡಿದ ಮೆಂತೆ ತಿರುಗಿ ಹೊತ್ಕೊಂಡ ಬಂದೆ, ಈ ವಯಸ್ಸಿನ್ಯಾಗ."

"ಅತ್ತಿ, ನಿನಗ ವಾಸನಿ ಬರಲಿಲ್ಲೇನ? ಫಿನಾಯಿಲ್ ಹಾಕಿದ್ರ ಸಾಯತಾವ ಅಂತ ಗೊತ್ತಿರಲಿಲ್ಲೇನ?"

ಆಕೆ ನನ್ನ ಮುಖ ನೋಡಿದಳು. "ಬಂತವಾ. ಹೇಲಮನಿ ವಾಸನಿ ಬಂತು. ಆದ್ರ ಮಶಿನ್ ಚಲೋ ಐತಿ ಅಂತೈತಿ. ನೀನ ಹೇಳಿದ್ದಿಯಲ್ಲಾ, ನನ್ನ ಮೂಗ ಕೆಟ್ಟೈತಿ ಅಂತ. ಹಂಗಾರ ನನಗ ಹೊಲಸ ಅನ್ಸಿದ್ದು ಚಲೋನ ಇರಬೇಕು ಅಂದಕೊಂಡೆ."

ನನ್ನ ಮೇಲೆ ನನಗೆ ಬಂದಷ್ಟು ಅಸಹ್ಯ ಆ ಎರೆಹುಳದ ಗುಂಡಿಯಲ್ಲೂ ಬಂದಿರಲಿಲ್ಲ. ಆಕೆಯ ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಬಾಟಲಿ, ಸಹಿ, ಪೇಢಾ. ಆಕೆಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಓದೋ ಹುಡುಗಿ, ಹಂಗೆಲ್ಲ ಬ್ಯಾರೇದವರ ಮುಂದ ಅನಬ್ಯಾಡ," ಎಂದು ನನ್ನ ಕಣ್ಣೊರೆಸಿದಳು.

ಅಂದೆ. ಮುಂದಿನ ವಾರ ಕುಲಪತಿಗಳು, ಅಧಿಕಾರಿಗಳು, ನಲವತ್ತು ಮಂದಿ ಬೆಳೆಗಾರರು ಸೇರಿದ್ದ ಸಭೆಯಲ್ಲಿ, ಪ್ರಾತ್ಯಕ್ಷಿಕೆ ತೋರಿಸಲು ನನ್ನ ಹೆಸರು ಕರೆದಾಗ, ಎರಡು ಡಬರಿ ಹಿಡಿದು ವೇದಿಕೆ ಹತ್ತಿದೆ. ಒಂದರಲ್ಲಿ ತೋಟದ ಮೂಲೆಯ ಬೇವಿನ ಬುಡದಲ್ಲಿ ದಾವಲ ಕಾಪಾಡಿಟ್ಟಿದ್ದ ಒಳ್ಳೆಯ ಮಣ್ಣು. ಇನ್ನೊಂದರಲ್ಲಿ ಹಾಸ್ಟೆಲ್ ಸಂಡಾಸ ಒರೆಸಿದ ಫಿನಾಯಿಲ್ ನೀರು ಕಲಸಿದ ಮರಳು. ಮೊದಲನೆಯದಕ್ಕೆ ಇಪ್ಪತ್ತೇಳು ಬಂತು. ಎರಡನೆಯದಕ್ಕೆ ತೊಂಬತ್ತೇಳು. ಸಭೆ ಚಪ್ಪಾಳೆ ಹೊಡೆಯಿತು. ಆಗ ಎರಡನೆಯ ಡಬರಿಯಲ್ಲಿ ಏನಿದೆ, ಎಲ್ಲಿಂದ ತಂದೆ ಎಂದು ಮೈಕಿನಲ್ಲಿ ಹೇಳಿದೆ. ಬಾಟಲಿಗಳ ಕಥೆಯನ್ನೂ ಹೇಳಿದೆ. ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತಿದ್ದವರು ಮೂಗು ಮುಚ್ಚಿಕೊಂಡರು. ಹಿಂದಿನ ಸಾಲಿನಿಂದ ಒಬ್ಬ ಬೆಳೆಗಾರ ಎದ್ದು, "ಲೇ, ನಮ್ಮ ಭೂಮಿಗೆ ಏನ ಹಾಕಿಸೀರೋ ನೀವು!" ಎಂದು ಕೂಗಿದ. ಆಮೇಲೆ ಕುರ್ಚಿಗಳ ಸದ್ದು.

ಮೂಗಪ್ಪನನ್ನು ಹಿಂದಕ್ಕೆ ತರಿಸಿದರು. ನನ್ನ ಪ್ರಬಂಧ ರದ್ದಾಯಿತು, ಒಂದು ವರ್ಷ ಪರೀಕ್ಷೆಗೆ ಕೂರದಂತೆ ಮಾಡಿದರು. ಅದು ನ್ಯಾಯವೇ, ನನಗೆ ತಕರಾರಿಲ್ಲ. ಇನಾಮದಾರ ಸರ್ ಅವರನ್ನು ಮಾತ್ರ ಕುಡಿಯುವ ನೀರಿನ ಗುಣಮಟ್ಟದ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಇನ್ನೊಮ್ಮೆ ಥೂ.

ಮೂರು ಮಳೆ ಆದಮೇಲೆ ದಾವಲ ಮತ್ತು ನಾನು ಎರೆಹುಳದ ಎರಡು ಚೀಲ ಹೊತ್ತುಕೊಂಡು ಅತ್ತಿಯ ತೋಟಕ್ಕೆ ಹೋದೆವು. ಫಲಕ ಕಿತ್ತಿದ್ದೆವು, ಯಂತ್ರ ಹೋಗಿತ್ತು. ಎಂಟು ಮಡಿ ಇನ್ನೂ ಬಿಮ್ಮಗೆ ಹೆಪ್ಪುಗಟ್ಟಿ ಕೂತಿದ್ದವು. ಬಾವಿಯ ಪಕ್ಕದ ಒಂಬತ್ತನೆಯದು ಮಾತ್ರ ಉಸಿರಾಡುತ್ತಿತ್ತು. ಒಂದು ಹಿಡಿ ಅಗೆದೆ. ಎಳೆಯ ಹುಳವೊಂದು ಬೆರಳಿನ ಮೇಲೆ ಹರಿಯಿತು. ಮೂಸಿದೆ. ಮೊಸರಗಡಿಗೆಯ ಹತ್ತಿರ ಹತ್ತಿರ ಬಂದಿತ್ತು, ಕಣ್ಣು ತುಂಬಿ ಬಂತು.

"ಅತ್ತಿ! ಬಂತು ನೋಡ! ಮೂಸ, ಲಗೂನ ಮೂಸ!"

ಕಲ್ಲವ್ವತ್ತಿ ಎರಡೂ ಅಂಗೈ ಚಾಚಿ ಮಣ್ಣು ಇಸಿದುಕೊಂಡಳು. ಮೂಗಿನ ಹತ್ತಿರ ಒಯ್ದಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ಉಸಿರೆಳೆದಳು. ದಾವಲ ನನ್ನನ್ನು ನೋಡಿದ. ಆಕೆ ಕಣ್ಣು ತೆರೆದು, ತಪ್ಪು ಉತ್ತರ ಹೇಳಿ ಬೈಸಿಕೊಳ್ಳುವ ಶಾಲೆಯ ಹುಡುಗಿಯಂತೆ ಅಂಜುತ್ತ ಕೇಳಿದಳು.

"ಇದಕ್ಕ ಎಷ್ಟ ಬರತೈತಿ, ನಿಂಗಿ?"